ಪೀಣ್ಯಕ್ಕೆ ಯಾತ್ರಿಕರು ಬೇಕಾಗಿದ್ದಾರೆ

ಕನ್ನಡದ ಪ್ರವಾಸ ಸಾಹಿತ್ಯ ಬಡವಾದುದೆಂದು ಯಾರೂ ಹೇಳಲಾರರು. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ', ಗೋಕಾಕರ 'ಸಮುದ್ರದಾಚೆಯಿಂದ', ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ' ಇವುಗಳನ್ನು ಓದಿ ಬೆಳೆದವರು ನಾವು. ಗೊರೂರರು ಮುಪ್ಪಿನಲ್ಲಿ ಅಮೆರಿಕಕ್ಕೆ ಹೋಗಿಬಂದು ಬರೆದ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಆಮೇಲೆ ಬಂದ ಪುಸ್ತಕಗಳಂತೂ ಲೆಕ್ಕಕ್ಕೆ ಸಿಕ್ಕುವಂತಿಲ್ಲ. ಆದರೆ ಈ ರಾಶಿಯನ್ನೆಲ್ಲ ಮುಂದಿಟ್ಟುಕೊಂಡು, ಕನ್ನಡದ ಯಾತ್ರಿಕನ ಕಾಲು ಎಲ್ಲೆಲ್ಲಿ ಓಡಾಡಿದೆಯೆಂದು ಒಂದು ಭೂಪಟ ಬರೆದು ನೋಡಿದರೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಹಂಪೆ, ಬಾದಾಮಿ, ಬೇಲೂರುಗಳಲ್ಲಿ ಹೆಜ್ಜೆಗಳು ಒತ್ತಾಗಿವೆ. ಜೋಗದಲ್ಲಿ, ಆಗುಂಬೆಯಲ್ಲಿ, ಹಿಮಾಲಯದಲ್ಲಿ ಇವೆ. ಲಂಡನ್, ನ್ಯೂಯಾರ್ಕುಗಳಲ್ಲಿ ಬೇಕಾದಷ್ಟಿವೆ. ಭದ್ರಾವತಿ, ಹರಿಹರ, ಪೀಣ್ಯ ಬಂದಾಗ ಮಾತ್ರ ಕಾಗದ ಬಹುಮಟ್ಟಿಗೆ ಬೆಳ್ಳಗೆ ಉಳಿಯುತ್ತದೆ. ರೈಲಿನ ಕಿಟಕಿಯಿಂದ ಹೊಗೆ ಕಂಡಿತು ಎಂಬ ಒಂದು ವಾಕ್ಯ. ಮುಂದಿನ ವಾಕ್ಯದಲ್ಲಿ ಲೇಖಕರು ಆಗಲೇ ದೇವಸ್ಥಾನದ ಮುಂದೆ ನಿಂತಿರುತ್ತಾರೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯೆಂದು ನನಗೆ ತೋರುವುದಿಲ್ಲ. ನಮ್ಮ ಹಳೆಯ ಕಾವ್ಯಮೀಮಾಂಸೆ ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿತು. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ವನವಿಹಾರ, ಜಲಕ್ರೀಡೆ ಹೀಗೆ. ಆ ಪಟ್ಟಿಯನ್ನು ನವೋದಯದವರು ಬಿಟ್ಟರೆಂದು ತರಗತಿಯಲ್ಲಿ ನಾವು ಪಾಠ ಹೇಳುತ್ತೇವೆ. ಕಾವ್ಯದಲ್ಲಿ ಬಿಟ್ಟದ್ದು ನಿಜ. ಪ್ರವಾಸ ಪ್ರಬಂಧದಲ್ಲಿ ಮಾತ್ರ ಅದು ವೇಷ ಬದಲಿಸಿ ಹಾಗೆಯೇ ಉಳಿದುಕೊಂಡಿದೆ. ಊರು ಎಂದರೆ ಗೋಪುರವಿರಬೇಕು, ನದಿ ಎಂದರೆ ತಿಳಿನೀರಿರಬೇಕು, ಸಂಜೆಯೆಂದರೆ ಸೂರ್ಯ ಕೆಂಪಾಗಿ ಇಳಿಯಬೇಕು. ಈ ಹದಿನೆಂಟರಲ್ಲಿ ಷೆಡ್ಡಿಗೆ ಸ್ಥಾನವಿಲ್ಲ. ರಾಜಕಾಲುವೆಗಂತೂ ಇಲ್ಲವೇ ಇಲ್ಲ. ಆದ್ದರಿಂದ ನಮ್ಮ ಯಾತ್ರಿಕನಿಗೆ ಪೀಣ್ಯದಲ್ಲಿ ನೋಡುವುದಕ್ಕೆ ಏನೂ ಸಿಕ್ಕುವುದಿಲ್ಲ.

ಏನೂ ಇಲ್ಲವೆ? ತುಮಕೂರು ರಸ್ತೆಯ ಮೇಲೆ ಬೆಂಗಳೂರಿನ ವಾಯವ್ಯಕ್ಕಿರುವ ಈ ಊರಿನ ಭೂಗೋಳವನ್ನೇ ಮೊದಲು ಗಮನಿಸಿ. ರಾಯಚೂರು, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಶಿರಾ, ಪಾವಗಡ, ಈ ಬಿಸಿಲುಸೀಮೆಯೆಲ್ಲ ಬೆಂಗಳೂರಿಗೆ ಬರುವುದು ಈ ದಾರಿಯಿಂದ. ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿಲಿಮೀಟರಿನಷ್ಟೂ ಮಳೆ ಬೀಳುವುದಿಲ್ಲ. ನಮ್ಮಲ್ಲಿ ಮರಳುಗಾಡು ಇಲ್ಲವೆಂದು ಶಾಲೆಯ ಪುಸ್ತಕ ಹೇಳುತ್ತದೆ. ಆದರೆ ಕುರುಚಲು, ಕಲ್ಲುಗುಡ್ಡ, ಬತ್ತಿದ ಕೆರೆಯಂಗಳಗಳ ಆ ಹರಹನ್ನು ಏಪ್ರಿಲ್ ತಿಂಗಳಲ್ಲಿ ದಾಟಿ ಬಂದವನು ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರನು. ರಾತ್ರಿಯೆಲ್ಲ ಆ ಸೀಮೆಯಲ್ಲಿ ಓಡಿದ ಬಸ್ಸು ಬೆಳಗಿನ ಜಾವ ಜಾಲಹಳ್ಳಿ ಕ್ರಾಸಿನಲ್ಲೋ ಗೊರಗುಂಟೆಪಾಳ್ಯದಲ್ಲೋ ನಿಲ್ಲುತ್ತದೆ. ಚೀಲ, ಹಾಸಿಗೆಯ ಸುರುಳಿ, ಜೋಳದ ರೊಟ್ಟಿಯ ಗಂಟು ಹಿಡಿದವರು ಇಳಿಯುತ್ತಾರೆ. ಮೆಜೆಸ್ಟಿಕ್ಕಿನವರೆಗೆ ಹೋಗುವ ಅಗತ್ಯ ಅವರಲ್ಲಿ ಅನೇಕರಿಗಿಲ್ಲ. ಅವರ ಬೆಂಗಳೂರು ಇಲ್ಲಿಯೇ ಮೊದಲಾಗಿ ಇಲ್ಲಿಯೇ ಮುಗಿಯುತ್ತದೆ. ಬರನಾಡಿನ ಅಂಚಿನಲ್ಲಿ ನಿಂತ ಕಾರ್ಖಾನೆಯ ಊರು ಎಂದರೆ ಇದೇ.

ಊರು ಬೆಳೆದ ಬಗೆಯೂ ಸ್ವಾರಸ್ಯವಾಗಿದೆ. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದುವು. ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಕಸುಬು ಸುತ್ತಲೂ ಹಬ್ಬಿತು. 1970ರ ದಶಕದಲ್ಲಿ ಸರಕಾರ ಇಲ್ಲಿ ಸಣ್ಣ ಕೈಗಾರಿಕೆಗಳಿಗೆ ಷೆಡ್ಡುಗಳನ್ನೂ ನಿವೇಶನಗಳನ್ನೂ ಒದಗಿಸಿತು. ಎಚ್.ಎಂ.ಟಿ. ಕೈಗಡಿಯಾರದ ಕಾಲ ಮುಗಿದು ಹೋಯಿತು. ಆದರೆ ಲೇತಿನ ಮುಂದೆ ನಿಲ್ಲುವ ವಿದ್ಯೆ ಉಳಿದು, ಒಂದು ಷೆಡ್ಡಿನಿಂದ ಇನ್ನೊಂದಕ್ಕೆ ದಾಟುತ್ತ ಬಂದಿದೆ. ಒಂದು ಷೆಡ್ಡಿನಲ್ಲಿ ಕಡೆದ ತುಂಡು ಎರಡನೆಯದರಲ್ಲಿ ಹದಗೊಂಡು, ಮೂರನೆಯದರಲ್ಲಿ ಲೇಪ ಪಡೆದು, ನಾಲ್ಕನೆಯದರಲ್ಲಿ ತಪಾಸಣೆಯಾಗಿ ಲಾರಿ ಹತ್ತುತ್ತದೆ. ಆ ತುಂಡಿನ ಹಿಂದೆ ಒಂದು ದಿನ ನಡೆದರೆ ಒಳ್ಳೆಯ ಪ್ರವಾಸ ಪ್ರಬಂಧ ಸಿದ್ಧವಾಗುತ್ತದೆ.

ಇನ್ನು ನದಿ. ಪೀಣ್ಯದ ಕಡೆಯ ಕಾಲುವೆಗಳ ನೀರು ವೃಷಭಾವತಿಯನ್ನು ಸೇರುತ್ತದೆ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದವಳೆಂದು ಈಕೆಗೆ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕದಲ್ಲಿ ಹರಿದು ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟುತ್ತಾಳೆ. ಬಸ್ಸಿನಲ್ಲಿ ಕುಳಿತವರು ಮೂಗು ಮುಚ್ಚಿಕೊಳ್ಳುವುದರಿಂದಲೇ ಈಕೆಯ ಇರವು ತಿಳಿಯಬೇಕು. ಆದರೆ ಒಂದು ಪ್ರಶ್ನೆಯನ್ನು ನಮ್ಮ ಲೇಖಕರು ಕೇಳಿಕೊಂಡಂತೆ ಕಾಣೆ. ಮಳೆಗಾಲದ ಹಳ್ಳವಾಗಿದ್ದವಳು ಈಗ ವರ್ಷವಿಡೀ ತುಂಬಿ ಹರಿಯುವುದು ಹೇಗೆ? ಉತ್ತರ ನೂರು ಕಿಲೋಮೀಟರಿನಾಚೆ ಇದೆ. ಶಿವನಸಮುದ್ರದ ಹತ್ತಿರ ಕಾವೇರಿಯಿಂದ ತೆಗೆದು, ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಏರಿಸಿದ ನೀರು 1974ರಿಂದ ಬೆಂಗಳೂರಿಗೆ ಬರುತ್ತಿದೆ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆ ನೀರು ನಮ್ಮ ಅಡಿಗೆಮನೆ, ಬಚ್ಚಲುಗಳನ್ನು ಹಾದು ವೃಷಭಾವತಿಗೆ ಇಳಿಯುತ್ತದೆ. ಕಾರ್ಖಾನೆಗಳದೂ ಅದರೊಡನೆ ಕೂಡುತ್ತದೆ. ಅಲ್ಲಿಂದ ಬಿಡದಿಯ ಬಳಿಯ ಬೈರಮಂಗಲದ ಕೆರೆ. ಅಲ್ಲಿ ಆ ನೀರಿನಿಂದಲೇ ಬೆಳೆ. ಮುಂದೆ ಅರ್ಕಾವತಿ. ಕೊನೆಗೆ ಕನಕಪುರದಾಚೆ ಸಂಗಮದಲ್ಲಿ ಮತ್ತೆ ಕಾವೇರಿ. ನಾವು ತೆಗೆದ ಜಾಗಕ್ಕಿಂತ ಸ್ವಲ್ಪ ಕೆಳಗೆ, ನಮ್ಮ ಗುರುತನ್ನೆಲ್ಲ ಹೊತ್ತುಕೊಂಡು, ನದಿ ತನ್ನೊಳಗೆ ತಾನೇ ಬಂದು ಬೀಳುತ್ತದೆ. ಸಂಗಮಕ್ಕೆ ಪ್ರವಾಸ ಹೋಗಿ ಬರೆಯುವವರು ಬಂಡೆಗಳ ಚೆಲುವನ್ನು ಬಣ್ಣಿಸುತ್ತಾರೆ. ಅರ್ಕಾವತಿ ಏನನ್ನು ತಂದಳೆಂದು ಕೇಳುವುದಿಲ್ಲ. ಅದೇ ಅರ್ಕಾವತಿಗೆ ಮೇಲುಗಡೆ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಟ್ಟಿದ ಜಲಾಶಯ ಒಂದು ಕಾಲದಲ್ಲಿ ಈ ನಗರದ ಬಾಯಾರಿಕೆಯನ್ನು ಹಿಂಗಿಸುತ್ತಿತ್ತು ಎಂಬುದೂ ಮರೆತಂತಾಗಿದೆ.

ಇತ್ತ ಪೀಣ್ಯದಲ್ಲಿ ಬೇಸಗೆ ಬಂದರೆ ಟ್ಯಾಂಕರುಗಳದೇ ಓಡಾಟ. ಲೋಹಕ್ಕೆ ಲೇಪ ಕೊಡುವ ಕೆಲಸದಿಂದ ಇಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ. ಆದ್ದರಿಂದ ಕೊಳವೆಬಾವಿಯಲ್ಲಿ ನೀರಿದ್ದರೂ ಕುಡಿಯಲು ಭಯ.

ನಾನು ಪಾಠ ಹೇಳುವ ಕಾಲೇಜಿಗೆ ಬರುವ ಮಕ್ಕಳಲ್ಲಿ ಬಹಳ ಮಂದಿ ಈ ಕಡೆಯವರೇ. ಪ್ರತಿವರ್ಷವೂ 'ನಾನು ಕೈಗೊಂಡ ಒಂದು ಪ್ರವಾಸ' ಎಂಬ ವಿಷಯ ಕೊಟ್ಟು ಬರೆಯಿಸುವುದು ವಾಡಿಕೆ. ಪ್ರತಿವರ್ಷವೂ ಜೋಗ, ಹಂಪೆ, ಜೋಗ. ಅವರಲ್ಲಿ ಎಷ್ಟೋ ಮಂದಿ ಜೋಗವನ್ನು ಕಂಡವರಲ್ಲ. ವಾಕ್ಯಗಳು ಅವರವಲ್ಲ, ಹೈಸ್ಕೂಲಿನ ಗದ್ಯಭಾಗದಿಂದ ಬಂದುವು. ಒಂದು ಸಲ ಶಿರಾ ಕಡೆಯ ಹುಡುಗನೊಬ್ಬ ಜೋಗದ ಮೂರು ಸಾಲು ಬರೆದು ನಿಲ್ಲಿಸಿ, ಕೆಳಗೆ ತನ್ನ ವಠಾರಕ್ಕೆ ನಡುರಾತ್ರಿ ಟ್ಯಾಂಕರು ಬರುವುದನ್ನು ಕುರಿತು ಅರ್ಧ ಪುಟ ಬರೆದಿದ್ದ. ಹಾರನ್ನಿನ ದನಿಯಿಂದಲೇ ಇದು ಯಾರ ಟ್ಯಾಂಕರೆಂದು ಅವನ ತಾಯಿ ಹೇಳಬಲ್ಲಳಂತೆ. ಕೊಡಗಳ ಸಾಲಿನಲ್ಲಿ ಯಾರ ಕೊಡ ಯಾರದಕ್ಕಿಂತ ಮುಂದಿರಬೇಕೆಂಬುದಕ್ಕೆ ಒಂದು ಶಾಸ್ತ್ರವೇ ಉಂಟಂತೆ. ವ್ಯಾಕರಣ ಅಲ್ಲಲ್ಲಿ ಎಡವಿತ್ತು. ಆದರೆ ಆ ವರ್ಷ ಬಂದ ಅರುವತ್ತು ಪ್ರಬಂಧಗಳಲ್ಲಿ ಬರೆದವನ ಕಣ್ಣು ಕಾಣಿಸಿದ್ದು ಅದೊಂದರಲ್ಲಿ. ಅವನು ಅದನ್ನು ಬರೆದು ಆಮೇಲೆ ಅಡ್ಡಗೆರೆ ಎಳೆದುಬಿಟ್ಟಿದ್ದ. ಇದು ಸಾಹಿತ್ಯಕ್ಕೆ ಬರತಕ್ಕದ್ದಲ್ಲ ಎಂದು ಅವನಿಗೆ ಯಾರು ಹೇಳಿದರು? ಬಾಯಿಬಿಟ್ಟು ಯಾರೂ ಹೇಳಿರಲಾರರು. ಓದಿಸಿದ ಪುಸ್ತಕಗಳು ಹೇಳಿದುವು.

ಕಾರ್ಖಾನೆಯ ಬಗ್ಗೆ ಬರೆದರೆ ಇಂಗ್ಲಿಷ್ ಪದಗಳು ತುಂಬಿಕೊಂಡು ಭಾಷೆ ಕೆಡುತ್ತದೆ ಎಂದು ಹಿರಿಯ ಮಿತ್ರರೊಬ್ಬರು ಆಕ್ಷೇಪಿಸಿದರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲ. ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಇವರ ಹೆಸರಿನ ಮುಂದೆಯೇ ಅವರ ಕಸುಬು ಕುಳಿತಿದೆ. ಮಗ್ಗ, ದೋಣಿ, ಹಗ್ಗ, ಮಡಿಬಟ್ಟೆಗಳ ಲೋಕ ಅವರ ವಚನಗಳ ಹಿನ್ನೆಲೆಯಾಗಿ ನಿಂತಿತು. ಅದರಿಂದ ಕನ್ನಡ ಕೆಡಲಿಲ್ಲ. ಇಂದು ಲೇತು, ಚಕ್ಕು, ಷಿಫ್ಟು, ಟರ್ನರ್, ಫಿಟ್ಟರ್, ಜಾಬ್ ವರ್ಕು, ಓಟಿ, ಇವೂ ಕನ್ನಡದ ಪದಗಳೇ. ಪೀಣ್ಯದಲ್ಲಿ ಇವುಗಳಿಗೆ ಕನ್ನಡದ ವಿಭಕ್ತಿ ಪ್ರತ್ಯಯಗಳು ಎಂದೋ ಹತ್ತಿವೆ. 'ಸೆಟ್ಟಿಂಗ್ ಕೂತಿಲ್ಲ' ಎಂದು ಟರ್ನರ್ ಹೇಳಿದಾಗ ಆ 'ಕೂತಿಲ್ಲ' ಎಂಬ ಮಾತಿನಲ್ಲಿ ಇರುವ ಅಚ್ಚಗನ್ನಡ ನಮ್ಮ ಎಷ್ಟೋ ಅಧ್ಯಕ್ಷ ಭಾಷಣಗಳಲ್ಲಿ ಇಲ್ಲ.

ಕಥೆ ಕಾದಂಬರಿಗಳಲ್ಲಿ ಇದೆಲ್ಲ ಬಂದಿಲ್ಲವೆ ಎಂದು ಕೇಳಬಹುದು. ಒಂದಿಷ್ಟು ಬಂದಿದೆ. ಯಶವಂತ ಚಿತ್ತಾಲರ 'ಶಿಕಾರಿ' 1979ರಷ್ಟು ಹಿಂದೆಯೇ ಕಂಪನಿಯೊಳಗಿನ ಭಯವನ್ನು ಕನ್ನಡಕ್ಕೆ ತಂದಿತು. ಚಿತ್ತಾಲರು ಸ್ವತಃ ಆ ಉದ್ಯಮದ ರಸಾಯನಶಾಸ್ತ್ರವನ್ನು ಬಲ್ಲವರು. ಆದರೆ ಅದು ಮುಂಬಯಿ, ಮತ್ತು ಮೇಲಂತಸ್ತಿನ ಕೋಣೆ. ಸಿದ್ಧಲಿಂಗಯ್ಯನವರ 'ಊರುಕೇರಿ' ಅರ್ಕಾವತಿಯ ದಡದ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಬದುಕನ್ನು ನಗುತ್ತ ನಗುತ್ತ ಹೇಳಿತು. ನನ್ನ ಮಟ್ಟಿಗೆ ಅದು ಆತ್ಮಕಥೆಯಾಗಿರುವಂತೆಯೇ ಒಳ್ಳೆಯ ಪ್ರವಾಸ ಕಥನವೂ ಹೌದು, ಪ್ರಶಸ್ತಿ ಪಡೆದ ಅನೇಕ ಪ್ರವಾಸ ಕಥನಗಳಿಗಿಂತ ಒಂದು ಕೈ ಮೇಲು. ಯಾತ್ರಿಕನಿಗಿರುವ ಅನುಕೂಲವೇ ಬೇರೆ. ಅವನಿಗೆ ಪಾತ್ರ ಬೇಡ, ಕಥೆಯ ಗಂಟು ಬೇಡ. ಕೇಳಿದ್ದು, ಕಂಡದ್ದು, ಬೆಲೆ, ದಾರಿ, ವಾಸನೆ ಎಲ್ಲವನ್ನೂ ಹಾಗೆಯೇ ಹೇಳಬಹುದು.

ಇಲ್ಲಿ ಎರಡು ಅಪಾಯಗಳುಂಟು. ಒಂದು, ಕಾರ್ಖಾನೆಯನ್ನು ಹೊಸ ದೇವಸ್ಥಾನವೆಂದು ಕೊಂಡಾಡುವುದು. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಇದು ನಡೆಯಿತು, ಈಗ ಅದೇ ಧಾಟಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳ ಕಡೆಗೆ ತಿರುಗಿದೆ. ಎರಡನೆಯದು ಇದಕ್ಕಿಂತ ಹೆಚ್ಚು ಸುಲಭ: ಹಳ್ಳಿ ಹೋಯಿತು, ಹೊಳೆ ಹೋಯಿತು ಎಂದು ಕಣ್ಣೀರು ಸುರಿಸುವುದು. ಅತ್ತವನಿಗೆ ಮತ್ತೆ ನೋಡುವ ಕೆಲಸವಿರುವುದಿಲ್ಲ. ಡಿಕನ್ಸ್ 1854ರ ಜನವರಿಯಲ್ಲಿ, ಗಿರಣಿ ಕೆಲಸಗಾರರ ಹೋರಾಟ ನಡೆಯುತ್ತಿದ್ದ ಪ್ರೆಸ್ಟನ್ ಊರಿಗೆ ಸ್ವಲ್ಪ ಕಾಲ ಹೋಗಿಬಂದು, ಅದೇ ವರ್ಷ 'ಹಾರ್ಡ್ ಟೈಮ್ಸ್' ಬರೆದನು; ಅದರಲ್ಲಿ ಬಣ್ಣದ ನೀರಿನಿಂದ ನೇರಳೆಗಟ್ಟಿದ ನದಿಯೊಂದು ಬರುತ್ತದೆ. ಏಂಗೆಲ್ಸ್ ಅದಕ್ಕೂ ಒಂಬತ್ತು ವರ್ಷ ಮುಂಚೆ, ಮ್ಯಾಂಚೆಸ್ಟರಿನ ಸೇತುವೆಯ ಮೇಲೆ ನಿಂತು ಇರ್ಕ್ ಹೊಳೆಯಲ್ಲಿ ಕಂಡದ್ದನ್ನು ದಡದ ಒಂದೊಂದು ಕಟ್ಟಡವನ್ನೂ ಗುರುತಿಸುತ್ತ ಬರೆದನು. ಇಬ್ಬರಲ್ಲಿ ಯಾರ ಮತವನ್ನು ಒಪ್ಪುತ್ತೇವೆ ಎಂಬುದು ಬೇರೆ ಮಾತು. ಇಬ್ಬರೂ ಸೇತುವೆಯ ಮೇಲೆ ನಿಂತರು, ಮೂಗು ಮುಚ್ಚಿಕೊಂಡು ಮುಂದೆ ನಡೆಯಲಿಲ್ಲ.

ನಮ್ಮಲ್ಲೂ ನಿಂತವರು ಇಲ್ಲದಿಲ್ಲ. ಹರಿಹರವನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ದಡದ ಆ ಊರಿನಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ. ಯಾತ್ರಿಕರು ಅದನ್ನು ಬರೆದಿದ್ದಾರೆ. ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಮರದ ತಿರುಳಿನಿಂದ ನಾರು ತೆಗೆಯುವ ಕಾರ್ಖಾನೆ ಇದೆ. ಹೊಳೆಯ ಮೀನು ಸತ್ತುದೂ, ನೀಲಗಿರಿ ತೋಪಿಗಾಗಿ ಹಳ್ಳಿಗಳ ಗೋಮಾಳವನ್ನು ಸರಕಾರ ಬಿಟ್ಟುಕೊಟ್ಟುದೂ ದೊಡ್ಡ ಚಳವಳಿಯಾಯಿತು. 1987ರಲ್ಲಿ ಕುಸನೂರಿನ ಜನ ನೀಲಗಿರಿ ಸಸಿಗಳನ್ನು ಕಿತ್ತು ಬೇರೆ ಸಸಿ ನೆಟ್ಟರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. ಇಲ್ಲಿ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಯೂರೋಪನ್ನು ಅಷ್ಟು ಕುತೂಹಲದಿಂದ ಸುತ್ತಿ ಬರೆದ ಅದೇ ಲೇಖಕರು, ಈ ಹೊಳೆಯ ದಡದ ನೆಲಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆದರೆ ಪಠ್ಯಪುಸ್ತಕಗಳಿಗೆ ಪ್ರವಾಸ ಗದ್ಯ ಆಯುವ ನಮ್ಮ ಸಮಿತಿಗಳಿಗೆ ಕಾರಂತರ ಯೂರೋಪು ಮಾತ್ರ ಬೇಕು.

ಪೀಣ್ಯದ ರಸ್ತೆಗೂ ಇಂಥ ಒಂದು ದಿನ ಬಂದಿತ್ತು. ಭವಿಷ್ಯನಿಧಿಯ ಹಣವನ್ನು 58 ವರ್ಷ ತುಂಬುವವರೆಗೆ ಪೂರ್ತಿಯಾಗಿ ತೆಗೆಯಬಾರದೆಂಬ ನಿಯಮದ ವಿರುದ್ಧ 2016ರ ಏಪ್ರಿಲ್ 18, 19ರಂದು ಗಾರ್ಮೆಂಟ್ಸ್ ಕೆಲಸದ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದರು. ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಮೊದಲಾದುದು ಮರುದಿನ ಜಾಲಹಳ್ಳಿ ಕ್ರಾಸಿಗೂ ಬಂದಿತು. ದೆಹಲಿ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಪತ್ರಿಕೆಗಳು ಸುಟ್ಟ ಬಸ್ಸಿನ ಚಿತ್ರ ಹಾಕಿದುವು. ಆ ಹೆಂಗಸರು ಯಾವ ಊರಿನಿಂದ ಬಂದವರು, ಎಷ್ಟು ಬಾಡಿಗೆಗೆ ಇದ್ದಾರೆ, ಆ ಹಣವನ್ನು ಯಾವ ಮದುವೆಗೆ, ಯಾವ ಸಾಲಕ್ಕೆಂದು ಎಣಿಸಿಟ್ಟಿದ್ದರು, ಇವು ಬರೆಯುವವನು ಅವರ ಜೊತೆ ಒಂದು ಷಿಫ್ಟು ಮುಗಿಯುವವರೆಗೆ ಗೇಟಿನ ಹೊರಗೆ ಕಾದು, ಆಮೇಲೆ ಮನೆಯವರೆಗೆ ನಡೆದರೆ ತಿಳಿಯುವ ಸಂಗತಿಗಳು.

ಕಷ್ಟದ ಪ್ರಯಾಣವೂ ಅಲ್ಲ ಇದು. 2014ರ ಮಾರ್ಚಿನಿಂದ ಮೆಟ್ರೋ ರೈಲು ಪೀಣ್ಯಕ್ಕೆ ಹೋಗುತ್ತಿದೆ. ಎತ್ತರದ ಕಂಬಗಳ ಮೇಲೆ ಹೋಗುವ ಆ ಗಾಡಿಯ ಎಡಬಲಗಳಲ್ಲಿ ತಗಡಿನ ಮಾಡುಗಳು, ಅವುಗಳ ಮೇಲೆ ನೀರಿನ ಕಪ್ಪು ಟ್ಯಾಂಕುಗಳು, ನಡುವೆ ಒಂದು ಮಾರಮ್ಮನ ಗುಡಿ, ಒಣಗಹಾಕಿದ ಸಮವಸ್ತ್ರಗಳು ಕಾಣುತ್ತವೆ. 'ಪೀಣ್ಯ ಇಂಡಸ್ಟ್ರಿ' ಎಂಬ ನಿಲ್ದಾಣದಲ್ಲಿ ಇಳಿದು, ಸಂಜೆಯ ಷಿಫ್ಟು ಬಿಡುವ ಹೊತ್ತಿಗೆ ರಸ್ತೆಬದಿಯ ಟೀ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಪಾವಗಡ, ಸಿಂಧನೂರು, ಹಗರಿಬೊಮ್ಮನಹಳ್ಳಿಗಳ ಕನ್ನಡ ಒಟ್ಟಿಗೆ ಕಿವಿಗೆ ಬೀಳುತ್ತದೆ.