ಒಂದನೇ ಕೃಷ್ಣ, ಎರಡನೇ ಕೃಷ್ಣ

ಹೊಳಲ್ಕೆರೆ ಕಡೆಯ ಒಂದೂರಿನ ಜಾತ್ರೆಯಲ್ಲಿ ‘ಕುರುಕ್ಷೇತ್ರ’ ನಾಟಕ. ಶಯನಗೃಹದ ಸೀನಿನಲ್ಲಿ ಮಲಗಿದ್ದ ಕೃಷ್ಣ ಸಣಕಲು, ದನಿಯೂ ಕೀರಲು. ಪರದೆ ಬಿದ್ದು ಎದ್ದಿತು. ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಕೃಷ್ಣನಿಗೆ ಹೊಟ್ಟೆ ಬಂದಿತ್ತು, ಕಂಠ ಕಂಚಿನದಾಗಿತ್ತು. ನೆರೆದವರಲ್ಲಿ ಒಬ್ಬರಿಗೂ ಅಚ್ಚರಿಯಿಲ್ಲ. ಹ್ಯಾಂಡ್‌ಬಿಲ್ಲಿನಲ್ಲೇ ಅಚ್ಚಾಗಿತ್ತು: ಒಂದನೇ ಕೃಷ್ಣ, ಎರಡನೇ ಕೃಷ್ಣ, ಇಬ್ಬರ ಫೋಟೊ ಸಮೇತ.

ಇದೇ ಲೆಕ್ಕ ಬ್ರಿಟನ್ನಿನಲ್ಲೂ ಇದೆ. ಬಿಬಿಸಿಯ ಟೀವಿ ಧಾರಾವಾಹಿ ‘ಡಾಕ್ಟರ್ ಹೂ’ ಶುರುವಾದದ್ದು 1963ರಲ್ಲಿ. ನಾಯಕ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟು 1966ರಲ್ಲಿ ಬಿಟ್ಟಾಗ, ಬೇರೆ ಲೋಕದಿಂದ ಬಂದ ಕಥಾನಾಯಕ ‘ಡಾಕ್ಟರ್’ ಸಾಯುವ ಬದಲು ಮೈ ಬದಲಿಸುತ್ತಾನೆಂದು ಕಥೆಯಲ್ಲೇ ದಾರಿ ಮಾಡಿ ಪ್ಯಾಟ್ರಿಕ್ ಟ್ರೌಟನ್‌ರನ್ನು ತಂದರು. ಅಲ್ಲಿಂದಾಚೆ ಅಭಿಮಾನಿಗಳು ಒಂದನೇ ಡಾಕ್ಟರ್, ಎರಡನೇ ಡಾಕ್ಟರ್ ಎಂದು ಎಣಿಸುತ್ತ ಬಂದರು. ನಮ್ಮ ಹಿರಿಯೂರು, ಹೊಸದುರ್ಗದ ಕಡೆಯ ಹಾರ್ಮೋನಿಯಂ ಮೇಷ್ಟ್ರಿಗೆ ಇದನ್ನು ಹೇಳಿದರೆ, ‘ಇದರಲ್ಲೇನು ಹೊಸದು’ ಎಂದಾರು.

ವ್ಯತ್ಯಾಸ ಕಾರಣದಲ್ಲಿದೆ. ನಮ್ಮಲ್ಲಿ ಪಾರ್ಟಿಗೆ ರೇಟಿದೆ. ಕೃಷ್ಣ, ದುರ್ಯೋಧನರ ಪಾರ್ಟು ದುಬಾರಿ. ಒಬ್ಬರ ಕೈಗೆ ಎಟುಕದ್ದನ್ನು ಇಬ್ಬರು ಮೂವರಿಗೆ ಹಂಚುತ್ತಾರೆ. ನಗರದ ವಿಮರ್ಶಕರು ಇದನ್ನು ಹಗುರವಾಗಿ ಕಾಣುತ್ತಾರೆ; ನನಗೆ ಹಾಗನ್ನಿಸಿಲ್ಲ. ತೋಟದ ಕೆಲಸ ಮುಗಿಸಿ ತಿಂಗಳುಗಟ್ಟಲೆ ರಾತ್ರಿ ತಾಲೀಮಿಗೆ ಕೂತು, ಕೈಯಿಂದಲೇ ದುಡ್ಡು ಹಾಕಿ ಒಂದು ಗಂಟೆ ದೇವರಾಗುವವನ ಹಂಬಲ ಸಣ್ಣದಲ್ಲ.

ನನ್ನ ತಕರಾರು ಬೇರೆ. ಈ ಪರಂಪರೆಯಲ್ಲಿ ಪಾತ್ರವನ್ನು ಹಿಡಿದಿಡುವುದು ಮಟ್ಟು ಮತ್ತು ವೇಷ. ಮೇಷ್ಟ್ರು ಕಲಿಸಿದ ರಾಗ ತಪ್ಪದಿದ್ದರೆ, ನವಿಲುಗರಿ ನೆಟ್ಟಗಿದ್ದರೆ, ಆತ ಕೃಷ್ಣನೇ. ಹಾಗಾಗಿ ಮಾತು ಸೊರಗುತ್ತದೆ. ಸಂಧಾನ ಮುರಿದ ಕಹಿಯನ್ನು ಹೊತ್ತವನಲ್ಲವೆ ಗೀತೋಪದೇಶಕ್ಕೆ ರಥ ಹತ್ತಬೇಕಾದವನು? ಮೂರನೇ ಕೃಷ್ಣ ಆಗಷ್ಟೇ ಮುಖ ತೊಳೆದು ಬಂದವನಂತೆ ನಗುತ್ತ ಬರುತ್ತಾನೆ. ಮೂವರು ಒಳ್ಳೆಯ ಹಾಡುಗಾರರು ಸಿಗುತ್ತಾರೆ, ಒಬ್ಬ ಕೃಷ್ಣ ಸಿಗುವುದಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಹಿಡಿದದ್ದು ಇದರ ತಿರುವುಮುರುವು ದಾರಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಕಟ್ಟಿದ ‘ಶಿವಸಂಚಾರ’ ವರ್ಷವರ್ಷವೂ ನಾಟಕಗಳನ್ನು ಸಿದ್ಧಮಾಡಿಕೊಂಡು ನಾಡು ಸುತ್ತುತ್ತದೆ. ಅಲ್ಲಿ ಒಂದು ಮೈಗೆ ಹಲವು ಪಾತ್ರ: ನಿನ್ನೆಯ ರಾಜ ಇವತ್ತು ಗುಂಪಿನಲ್ಲೊಬ್ಬ. ಮಾತಿನ ಸ್ಪಷ್ಟತೆ, ಮೇಳದ ಶಿಸ್ತು ಎರಡೂ ಇವೆ. ಆದರೆ ತಿರುಗಾಟದ ಕೊನೆಗೆ ದನಿ ಹದಕ್ಕೆ ಬರುವ ಹೊತ್ತಿಗೆ ಎಷ್ಟೋ ನಟರು ಗಂಟು ಕಟ್ಟಿ ಹೊರಡುತ್ತಾರೆ. ಮುಂದಿನ ವರ್ಷ ಬಸ್ಸಿನಿಂದಿಳಿಯುವ ಮುಖಗಳು ಬೇರೆ. ಬೀಳ್ಕೊಡುವ ಒಂದು ದೃಶ್ಯವನ್ನು ಕಥೆಯೊಳಗೇ ಬರೆಯಬೇಕೆಂಬ ಬ್ರಿಟನ್ನಿನವರ ಜಾಣತನ ನಮಗೆ ಬರಲಿಲ್ಲ.

ಸಿನಿಮಾದ್ದು ಇನ್ನೂ ವಿಚಿತ್ರ. ತ.ರಾ.ಸು. ಅವರ ಕಾದಂಬರಿಯ ರಾಮಾಚಾರಿಯನ್ನು 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ವಿಷ್ಣುವರ್ಧನ್‌ಗೆ ಕೊಟ್ಟರು. ಚಿತ್ರದುರ್ಗದ ಕಲ್ಲುಬಂಡೆಗಳೆಲ್ಲ ಆ ಹುಡುಗನವೇ ಆಗಿಹೋದವು. ವಿಷ್ಣುವರ್ಧನ್ ತೀರಿದ್ದು 2009ರಲ್ಲಿ. 2016ರಲ್ಲಿ ಅದೇ ಹೆಸರಿನ ಮತ್ತೊಂದು ಚಿತ್ರ ಬಂತು, ಕಥೆ ಬೇರೆ. ಅದರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ವಿಷ್ಣು ಮುಖವನ್ನು ಕುಣಿಸಿದರು. ಜನ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ಕಸಿವಿಸಿ. ಸತ್ತವರನ್ನು ಹೋಗಗೊಡದ ಪ್ರೀತಿ ಅದು. ಅದಕ್ಕಿಂತ ಹ್ಯಾಂಡ್‌ಬಿಲ್ಲಿನ ‘ಎರಡನೇ’ ಎಂಬ ನಾಲ್ಕಕ್ಷರವೇ ಮೇಲು.

ಆ ಜಾತ್ರೆಯ ರಾತ್ರಿ ನಾನು ಪರದೆಯ ಹಿಂದೆ ನಿಂತಿದ್ದೆ. ಒಂದನೇ ಕೃಷ್ಣ ಕಿರೀಟ ತೆಗೆದುಕೊಟ್ಟ. ತಲೆಗೆ ಸಡಿಲವಾಗದಿರಲೆಂದು ಅದರೊಳಗೆ ಟವಲಿನ ಚೂರು ತುರುಕಿದ್ದರು. ಎರಡನೆಯವನು ಅದನ್ನು ಕಿತ್ತೆಸೆದು, ಒತ್ತಿ ಹಾಕಿಕೊಂಡು, ಒಳಹೋದ. ಮೊದಲನೆಯವನು ಕಿವಿಯ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ ಇರುವಾಗಲೇ ಟಾರ್ಪಾಲಿನ ಮೇಲೆ ಹೆಂಡತಿ ಮಕ್ಕಳ ನಡುವೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನತೊಡಗಿದ. ಹಾಡು ಮುಗಿದಾಗ ಎಲ್ಲರಿಗಿಂತ ಮೊದಲು ‘ಒನ್ಸ್ ಮೋರ್’ ಎಂದು ಕೂಗಿದವನು ಅವನೇ.