ಗೆಲುವಿನ ಗುಡಿ, ಅರ್ಧ ಓದಿದ ಶಾಸನ

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೋಡಲು ಬಂದವರಲ್ಲಿ ಹೆಚ್ಚಿನವರು ನಂದಿಮಂಟಪದ ಹತ್ತಿರ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅಲ್ಲಿಂದ ಮೂಡಣಕ್ಕೆ, ಮಲಪ್ರಭೆಯ ಕಡೆಗೆ, ಇನ್ನಷ್ಟು ನಡೆದರೆ ಹಳೆಯ ಹೆಬ್ಬಾಗಿಲು ಸಿಗುತ್ತದೆ. ಅದರ ಕಲ್ಲಿನಲ್ಲಿ ಹಳಗನ್ನಡದ ಶಾಸನವಿದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ‘ಮೂಮೆ’, ಅಂದರೆ ಮೂರು ಸಲ, ಗೆದ್ದನೆಂದು ಅದು ಹೇಳುತ್ತದೆ. ಅದೇ ಉಸಿರಿನಲ್ಲಿ, ಈ ಗುಡಿ ಅವನ ಪಟ್ಟದರಸಿ ಲೋಕಮಹಾದೇವಿಯದು ಎನ್ನುತ್ತದೆ. ಇದನ್ನು ಕಟ್ಟಿದ ಸೂತ್ರಧಾರಿ ಗುಂಡನಿಗೆ ಪಟ್ಟ ಕಟ್ಟಿ ಗೌರವಿಸಿದರು ಎಂದೂ ಸೇರಿಸುತ್ತದೆ. ರಾಜನ ಗೆಲುವು, ರಾಣಿಯ ಗುಡಿ, ಕೆಲಸಗಾರನ ಸನ್ಮಾನ ಮೂರೂ ಒಂದೇ ಕಲ್ಲಿನಲ್ಲಿವೆ. ಕನ್ನಡದ ಜನಪ್ರಿಯ ಚರಿತ್ರೆ ಬರಹ ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಉಳಿದೆರಡನ್ನು ಅಲ್ಲೇ ಬಿಟ್ಟು ಬಂದಿದೆ. ನನ್ನ ತಕರಾರು ಇಷ್ಟೇ, ಆದರೆ ಇದು ಸಣ್ಣ ತಕರಾರಲ್ಲ.

ಮೊದಲು ಈ ಬರಹದ ಉಪಕಾರ ನೆನೆಯಬೇಕು. ಬಾದಾಮಿ ಚಾಲುಕ್ಯರ ಹೆಸರು ವಿದ್ವಾಂಸರ ಸಂಪುಟಗಳಿಂದ ಹೊರಬಂದು ಮನೆಮಾತಾದದ್ದು ಕಾದಂಬರಿ, ನಾಟಕ, ಸಿನಿಮಾ, ಮಕ್ಕಳ ಪುಸ್ತಕಗಳಿಂದ. 1967ರಲ್ಲಿ ರಾಜ್‌ಕುಮಾರ್ ಅಭಿನಯದ ‘ಇಮ್ಮಡಿ ಪುಲಿಕೇಶಿ’ ಬಂದ ಮೇಲೆ ಶಾಲೆಯ ಮೆಟ್ಟಿಲು ಹತ್ತದವರ ಕಣ್ಣಿಗೂ ಆ ದೊರೆ ಕಟ್ಟಿದ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನದ ಸಾರಾಂಶ ಇಂದು ಹೈಸ್ಕೂಲು ಹುಡುಗರಿಗೂ ಗೊತ್ತು. ಪುಲಿಕೇಶಿಯ ಎದುರು ಹರ್ಷನ ಹರ್ಷ ಇಳಿದದ್ದನ್ನು ನಮ್ಮ ಊರಿನ ಗೈಡುಗಳು ಹೇಳುವಾಗ ಕೇಳುವವರ ಮುಖ ಅರಳುತ್ತದೆ. ಈ ಅಭಿಮಾನದಲ್ಲಿ ತಪ್ಪಿಲ್ಲ.

ತಪ್ಪಿರುವುದು ಪ್ರಶಸ್ತಿಯನ್ನು ವರದಿಯೆಂದು ಓದುವಲ್ಲಿ. ಶಾಸನದ ಪ್ರಶಸ್ತಿ ಭಾಗ ಒಡೆಯನನ್ನು ಹೊಗಳಲೆಂದೇ ಬರೆದ ಕಾವ್ಯ. ಚಾಲುಕ್ಯ ಪಲ್ಲವ ಯುದ್ಧಗಳಲ್ಲಿ ನಮ್ಮ ಅದೃಷ್ಟವೆಂದರೆ ಎರಡೂ ಕಡೆಯ ಪ್ರಶಸ್ತಿಗಳು ಉಳಿದಿವೆ. 674ರ ಗದ್ವಾಲ ತಾಮ್ರಪಟ ಒಂದನೆಯ ವಿಕ್ರಮಾದಿತ್ಯ ಕಂಚಿಯನ್ನು ಹಿಡಿದ, ಪಲ್ಲವ ಮಹಾಮಲ್ಲನ ವಂಶವನ್ನು ಮುರಿದ ಎನ್ನುತ್ತದೆ. ಆಗ ಅವನ ಬೀಡು ಕಾವೇರಿಯ ತೆಂಕಣ ದಡದಲ್ಲಿತ್ತು. ಪಲ್ಲವ ಪರಮೇಶ್ವರವರ್ಮನ ಕೂರಂ ತಾಮ್ರಪಟದ ಮಾತೇ ಬೇರೆ: ಲಕ್ಷಗಟ್ಟಲೆ ಸೈನ್ಯವಿದ್ದ ಅದೇ ವಿಕ್ರಮಾದಿತ್ಯ ಚಿಂದಿ ಬಟ್ಟೆ ಸುತ್ತಿಕೊಂಡು ಓಡಿಹೋದ. ಇಬ್ಬರೂ ಗೆದ್ದಿದ್ದಾರೆ! ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದುಗರ ಮುಂದೆ ತೂಗಿ ತೋರಿಸುವ ಜನಪ್ರಿಯ ಪುಸ್ತಕ ನನ್ನ ಓದಿನಲ್ಲಿ ತೀರ ಅಪರೂಪ. ಕನ್ನಡದವರು ಗದ್ವಾಲವನ್ನು ನಂಬುತ್ತಾರೆ, ತಮಿಳಿನವರು ಕೂರಂ ಅನ್ನು ನಂಬುತ್ತಾರೆ. ಏಳನೆಯ ಶತಮಾನದ ಎರಡು ರಾಜಮನೆತನಗಳ ಜಗಳ ಇಂದಿನ ಎರಡು ರಾಜ್ಯಗಳ ಜಗಳದ ವೇಷ ತೊಟ್ಟು ನಿಲ್ಲುತ್ತದೆ.

ಸೋಲಿನ ವಿಚಾರದಲ್ಲಿ ನಮ್ಮ ಬರಹ ಇನ್ನೂ ಬಡವಾಗಿದೆ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಬಾದಾಮಿಯ ಬಂಡೆಯೊಂದರಲ್ಲಿ ಅವನ ಶಾಸನ ಸವೆದ ಅಕ್ಷರಗಳಲ್ಲಿ ಈಗಲೂ ಇದೆ. ಅಲ್ಲಿಂದ ಮುಂದೆ ಸುಮಾರು ಹದಿಮೂರು ವರ್ಷ ಚಾಲುಕ್ಯರ ರಾಜಧಾನಿ ಚಾಲುಕ್ಯರ ಕೈಯಲ್ಲಿ ಗಟ್ಟಿಯಾಗಿ ಇರಲಿಲ್ಲ. ಪುಲಿಕೇಶಿಯ ಗೆಲುವುಗಳಿಗೆ ಹತ್ತಾರು ಪುಟ ಕೊಡುವ ಪುಸ್ತಕ ಈ ಹದಿಮೂರು ವರ್ಷಕ್ಕೆ ಒಂದು ಸಾಲು ಕೊಡುತ್ತದೆ. ಖಾಲಿ ಬಿಟ್ಟ ಜಾಗವನ್ನು ಯಾರಾದರೂ ತುಂಬಿಯೇ ತುಂಬುತ್ತಾರೆ. ತಮಿಳಿನಲ್ಲಿ ಕಲ್ಕಿಯವರು ‘ಶಿವಗಾಮಿಯಿನ್ ಶಪಥಂ’ ಕಾದಂಬರಿಯಲ್ಲಿ ತುಂಬಿದರು, ಅದೂ ಎಷ್ಟು ಶಕ್ತಿಯಿಂದ ತುಂಬಿದರೆಂದರೆ ಇಂದು ಅನೇಕರಿಗೆ ಆ ಕಥೆಯೇ ಇತಿಹಾಸ. ಕಾದಂಬರಿಕಾರನ ಸ್ವಾತಂತ್ರ್ಯ ಅದು, ಅವರನ್ನು ದೂರುವಂತಿಲ್ಲ. ನಾವು ಮಾಡಬೇಕಿದ್ದ ಕೆಲಸ ಮಾಡಲಿಲ್ಲ ಎಂಬುದೇ ನಿಜವಾದ ದೂರು.

ಸೋಲನ್ನು ಬರೆದೂ ಜನರ ಮನಸ್ಸು ಗೆಲ್ಲಬಹುದು. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್ ಊರಿನ ಸುತ್ತ ಮಿತ್ರಪಡೆಗಳ ಸೈನಿಕರು ಪ್ಯಾರಾಚೂಟಿನಲ್ಲಿ, ಗ್ಲೈಡರಿನಲ್ಲಿ ಇಳಿದರು. ರೈನ್ ನದಿಯ ಸೇತುವೆ ಅವರಿಗೆ ದಕ್ಕಲಿಲ್ಲ. ಇಳಿದ ಸುಮಾರು 10,000 ಜನರಲ್ಲಿ ನದಿ ದಾಟಿ ಹಿಂದಿರುಗಿದವರು ಸುಮಾರು 2,400. ಕಾರ್ನೀಲಿಯಸ್ ರಯಾನ್ 1974ರಲ್ಲಿ ‘ಎ ಬ್ರಿಜ್ ಟೂ ಫಾರ್’ ಬರೆದಾಗ ಈ ಸೋಲನ್ನು ಮುಚ್ಚಿಡಲಿಲ್ಲ. ಸೇನಾಪತಿಗಳ ಜೊತೆಗೆ ಸಾಮಾನ್ಯ ಸಿಪಾಯಿಗಳನ್ನು, ಎದುರು ಪಕ್ಷದ ಜರ್ಮನರನ್ನು, ನಡುವೆ ಸಿಕ್ಕಿಬಿದ್ದ ಊರಿನವರನ್ನು ಮಾತಾಡಿಸಿ ಪುಸ್ತಕ ಕಟ್ಟಿದರು. ಎಂಟನೆಯ ಶತಮಾನದವರನ್ನು ನಾವು ಮಾತಾಡಿಸಲಾರೆವು. ಆದರೆ ಎರಡೂ ಪಕ್ಷಗಳನ್ನು ಕೇಳುವ, ಸಣ್ಣವರ ಹೆಸರು ಹುಡುಕುವ ಆ ಶಿಸ್ತು ನಮಗೂ ಸಾಧ್ಯ. ಅದಕ್ಕೆ ಬೇಕಾದ ಸಾಮಗ್ರಿ ಕಲ್ಲಿನಲ್ಲೇ ಇದೆ.

ಕಂಚಿಯ ಕೈಲಾಸನಾಥ ಗುಡಿಗೆ ಹೋಗಿ ನೋಡಿ. ಪಲ್ಲವ ರಾಜಸಿಂಹ ಕಟ್ಟಿಸಿದ ಆ ಗುಡಿಯ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ಕನ್ನಡ ಶಾಸನವಿದೆ. ಕಂಚಿಯನ್ನು ಗೆದ್ದ ಇಮ್ಮಡಿ ವಿಕ್ರಮಾದಿತ್ಯ ಈ ದೇವರ ಸಂಪತ್ತನ್ನು ಕಣ್ಣಾರೆ ಕಂಡು, ಅದನ್ನು ತೆಗೆದುಕೊಳ್ಳದೆ ದೇವರಿಗೇ ಬಿಟ್ಟುಕೊಟ್ಟ ಎಂದು ಅದು ಹೇಳುತ್ತದೆ. ಈ ಧರ್ಮವನ್ನು ಕೆಡಿಸಿದವರು ಆ ಊರಿನ ಘಟಿಕೆಯ, ಅಂದರೆ ವಿದ್ಯಾಕೇಂದ್ರದ, ಮಹಾಜನರನ್ನು ಕೊಂದವರ ಲೋಕಕ್ಕೆ ಹೋಗಲಿ ಎಂಬ ಶಾಪವೂ ಇದೆ. ವಿದ್ಯೆಯ ಜನರನ್ನು ಕೊಲ್ಲುವುದು ಎಲ್ಲಕ್ಕಿಂತ ದೊಡ್ಡ ಪಾಪವೆಂದು ಗೆದ್ದು ಬಂದ ಸೈನ್ಯವೇ ಬರೆಸಿತು. ಮಗ ಕೀರ್ತಿವರ್ಮನ 750ರ ಕೇಂದೂರು ತಾಮ್ರಪಟವೂ ಕಂಚಿಯನ್ನು ಹಾಳುಮಾಡದೆ ಒಳಹೊಕ್ಕ ವಿಷಯವನ್ನು ಎತ್ತಿ ಹೇಳುತ್ತದೆ. ಇದೂ ಆತ್ಮಪ್ರಶಂಸೆಯೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಈ ಮಾತು ಕೆತ್ತಿದ್ದು ಸೋತವರ ಗುಡಿಯಲ್ಲಿ. ಊರು ಮತ್ತೆ ಪಲ್ಲವರ ಕೈಗೆ ಬಂದ ಮೇಲೂ ಆ ಅಕ್ಷರಗಳನ್ನು ಯಾರೂ ಕೆತ್ತಿ ಅಳಿಸಲಿಲ್ಲ. ಇದಕ್ಕಿಂತ ಬಲವಾದ ಸಾಕ್ಷಿ ಯಾವುದಿದೆ?

ಶಿಲ್ಪಿಗಳ ವಿಷಯದಲ್ಲಿ ಜನಪ್ರಿಯ ಬರಹ ಇನ್ನೊಂದು ಅನ್ಯಾಯ ಮಾಡಿದೆ. ವಿಕ್ರಮಾದಿತ್ಯ ಕಂಚಿಯಿಂದ ಶಿಲ್ಪಿಗಳನ್ನು ಸೆರೆಹಿಡಿದು ತಂದು ಪಟ್ಟದಕಲ್ಲಿನ ಗುಡಿ ಕಟ್ಟಿಸಿದ ಎಂಬ ಮಾತು ಬಾಯಿಂದ ಬಾಯಿಗೆ ಹರಿದಿದೆ. ವಿರೂಪಾಕ್ಷಕ್ಕೂ ಕಂಚಿಯ ಕೈಲಾಸನಾಥಕ್ಕೂ ಹೋಲಿಕೆ ಇರುವುದು ನಿಜ. ಇಲ್ಲಿನ ಶಾಸನ ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಕೊಂಡಾಡುವುದೂ ನಿಜ. ಆದರೆ ಅದು ಕೊಂಡಾಟ. ಅದರಲ್ಲಿ ಸೆರೆಯ ಸುಳಿವಿಲ್ಲ. ಗುಂಡನಿಗೆ ಸಿಕ್ಕಿದ್ದು ಪಟ್ಟ, ‘ತ್ರಿಭುವನಾಚಾರಿ’ ಎಂಬ ಬಿರುದು. ಸೆರೆಯಾಳಿಗೆ ಯಾರೂ ಹೆಬ್ಬಾಗಿಲಲ್ಲಿ ಪಟ್ಟ ಕಟ್ಟಿ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಇದೇ ಗುಡಿಯ ಇನ್ನೊಂದು ಶಾಸನದಲ್ಲಿ ಲೋಕಮಹಾದೇವಿ ಗಂಧರ್ವರಿಗೆ, ಅಂದರೆ ಹಾಡುವವರಿಗೆ, ಮಾವ ವಿಜಯಾದಿತ್ಯ ಕೊಟ್ಟಿದ್ದ ಕಟ್ಟಳೆಗಳನ್ನು ಉಳಿಸಿಕೊಟ್ಟ ದಾಖಲೆ ಇದೆ. ಹೈಹಯ ಕುಲದ ಈ ಹೆಣ್ಣುಮಗಳು ಗಂಡನ ಗೆಲುವಿನ ನೆನಪನ್ನು ಕಟ್ಟಡಕ್ಕೆ, ಹಾಡಿಗೆ ತಿರುಗಿಸಿದಳು. ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಇನ್ನೊಂದು ಗುಡಿ ಕಟ್ಟಿಸಿದಳು. ಇಂದಿನ ಮಲ್ಲಿಕಾರ್ಜುನ ಅದು. ಯುದ್ಧದ ಪುಸ್ತಕಗಳಲ್ಲಿ ಈ ಅಕ್ಕತಂಗಿಯರಿಗೆ ಸಿಕ್ಕಿರುವ ಜಾಗ ಒಂದೆರಡು ಸಾಲು.

ಗುಡಿಯ ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಕಾಳಗಗಳಿವೆ. ಸೀತೆಯನ್ನು ಹೊತ್ತು ಆಕಾಶದಲ್ಲಿ ಸಾಗುವ ರಾವಣನನ್ನು ಜಟಾಯು ಅಡ್ಡಗಟ್ಟುವ ದೃಶ್ಯದ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಆ ಹೋರಾಟದಲ್ಲಿ ಜಟಾಯು ಸಾಯುತ್ತಾನೆ. ಅದು ಕೆತ್ತಿದವನಿಗೂ ಗೊತ್ತು, ನೋಡುವವನಿಗೂ ಗೊತ್ತು. ಆದರೂ ನಮ್ಮ ಕಣ್ಣು ಹೋಗುವುದು ಆ ಮುದಿ ಹಕ್ಕಿಯ ಕಡೆಗೇ. ರಾಜನ ವಿಜಯಕ್ಕೆಂದು ಎದ್ದ ಗುಡಿಯಲ್ಲಿ ಸೋತವನಿಗೆ ಇಷ್ಟು ಮರ್ಯಾದೆ ಕೊಡುವ ಮನಸ್ಸು ಶಿಲ್ಪಿಗಿತ್ತು. ಚರಿತ್ರೆ ಬರೆಯುವವರು ಕಲಿಯಬೇಕಾದ ಪಾಠ ಆ ಕಂಬದಲ್ಲಿದೆ.

ಕಾಲದ ಲೆಕ್ಕವನ್ನೂ ನೋಡಬೇಕು. 754ರಲ್ಲಿ, ಇಮ್ಮಡಿ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಗಂಗೆಯ ಸೀಮೆಯಿಂದ ಬಂದ ಜ್ಞಾನಶಿವಾಚಾರ್ಯ ಇಲ್ಲಿ ಕಂಬ ನಿಲ್ಲಿಸಿದ. ಅದರ ಸಂಸ್ಕೃತ ಶಾಸನ ಉತ್ತರದ ಲಿಪಿಯಲ್ಲೂ ಕನ್ನಡ ಲಿಪಿಯಲ್ಲೂ ಇದೆ. ಆ ಹೊತ್ತಿಗಾಗಲೇ ರಾಷ್ಟ್ರಕೂಟ ದಂತಿದುರ್ಗ ತಲೆಯೆತ್ತಿದ್ದ. 757ರ ಸುಮಾರಿಗೆ ಬಾದಾಮಿ ಚಾಲುಕ್ಯರ ಆಳ್ವಿಕೆ ಮುಗಿಯಿತು. ಮೂರು ಸಲ ಕಂಚಿ ಗೆದ್ದ ಮನೆತನ ಆ ಗೆಲುವಿನ ಗುಡಿ ಎದ್ದು ಇಪ್ಪತ್ತು ವರ್ಷದೊಳಗೆ ಅಳಿಯಿತು. ನೂರು ವರ್ಷದ ಯುದ್ಧ ಎರಡೂ ಮನೆತನಗಳಿಂದ ಏನು ಕಿತ್ತುಕೊಂಡಿತು ಎಂದು ಕೇಳದ ಪುಸ್ತಕ ಎಷ್ಟೇ ರೋಚಕವಾಗಿದ್ದರೂ ಅರ್ಧ ಪುಸ್ತಕ.

ಕನ್ನಡದಲ್ಲಿ ಈ ಯುದ್ಧಗಳನ್ನು ಬರೆಯಲು ಹೊರಟ ಕಿರಿಯ ಲೇಖಕರಲ್ಲಿ ನನ್ನದೊಂದು ಬೇಡಿಕೆ ಇದೆ. ಗದ್ವಾಲದ ಪಕ್ಕದಲ್ಲಿ ಕೂರಂ ಇಡಿ. 642ಕ್ಕೆ ಒಂದು ಪೂರ್ತಿ ಅಧ್ಯಾಯ ಕೊಡಿ. ಊಹೆ ಎಲ್ಲಿ ಶುರುವಾಗುತ್ತದೆಂದು ಓದುಗರಿಗೆ ಹೇಳಿಬಿಡಿ, ಅವರು ಪುಸ್ತಕ ಮುಚ್ಚಿಡುವುದಿಲ್ಲ. ಬರೆಯುವ ಮೊದಲು ಒಮ್ಮೆ ಪಟ್ಟದಕಲ್ಲಿಗೆ ಬನ್ನಿ, ನಂದಿಮಂಟಪ ದಾಟಿ ಹೆಬ್ಬಾಗಿಲವರೆಗೆ ನಡೆಯಿರಿ, ಆ ಶಾಸನವನ್ನು ಗುಂಡನ ಹೆಸರು ಬರುವವರೆಗೂ ಓದಿ.