ಕೂಸಿನ ನೆಪದಲ್ಲಿ ತಾಯಿಗೆ ಮದ್ದು

ಕುಮಾರಪಟ್ಟಣದಲ್ಲಿ ಹೆರಿಗೆ ಬಿಗಡಾಯಿಸಿದರೆ ಹೊಳೆ ದಾಟಿ ಹರಿಹರ, ಅಲ್ಲಿಂದ ದಾವಣಗೆರೆ. ಇಲ್ಲವೇ ಈಚೆ ರಾಣೆಬೆನ್ನೂರು. ಆ ದಾರಿಯಲ್ಲಿ ಪಟ್ಟ ಜೀವಭಯದ ಮಾತು ಕೂಸನ್ನು ತೊಟ್ಟಿಲಿಗೆ ಹಾಕುವಷ್ಟರಲ್ಲಿ ಮುಗಿದಿರುತ್ತದೆ. ‘ಕೂಸು ಆರಾಮ ಐತಲ್ಲ, ಮತ್ತೇನ ಬೇಕು ನಿನಗ?’ ಎಣ್ಣೆ, ಬಿಸಿನೀರು, ಅಂಟಿನುಂಡಿ, ಲೋಬಾನದ ಹೊಗೆ: ನಮ್ಮ ಬಾಣಂತನ ಮೈಗೆ ಏನನ್ನೂ ಕಡಿಮೆ ಮಾಡುವುದಿಲ್ಲ. ಅಂಜಿಕೆಗೆ ಮಾತ್ರ ಅದರಲ್ಲಿ ಜಾಗವಿಲ್ಲ.

ವೈದ್ಯಶಾಸ್ತ್ರವೂ ಇದನ್ನು ತಡವಾಗಿಯೇ ಕಂಡಿತು. ಹೆರಿಗೆಯ ನಂತರದ ಆಘಾತವನ್ನು ಫ್ರಾನ್ಸಿನ ಇಬ್ಬರು ಸಂಶೋಧಕರು 1978ರಲ್ಲೇ ವಿವರಿಸಿದ್ದರು. ಆದರೆ 1980ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿ, ಆಘಾತವೆಂದರೆ ಸಾಮಾನ್ಯ ಅನುಭವಕ್ಕೆ ಹೊರಗಿನದು ಎಂದುಬಿಟ್ಟಿತು. ಮನೆಮನೆಯಲ್ಲೂ ಆಗುವ ಹೆರಿಗೆ ಅದರೊಳಗೆ ಹೇಗೆ ಸೇರೀತು? 1994ರಲ್ಲಿ ಆ ಷರತ್ತು ಹೋಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯ ಪ್ರಕಾರ, ಹೆತ್ತವರಲ್ಲಿ ಸುಮಾರು ಶೇ 4ರಷ್ಟು ಮಂದಿಗೆ ಈ ಆಘಾತದ ಕಾಯಿಲೆ ಇರುತ್ತದೆ. ಹೆರಿಗೆ ತೊಡಕಾದಂಥ ಹೆಚ್ಚು ಅಪಾಯದ ಗುಂಪುಗಳಲ್ಲಿ ಶೇ 18ಕ್ಕೂ ಹೆಚ್ಚು.

ನಮ್ಮ ಭಾಗದ ಬಡ ಊರುಗಳಿಗೆ ಹೊಂದುವ ಚಿಕಿತ್ಸೆಯೆಂದು ಮುಂದೆ ಬಂದದ್ದು ಗುಂಪಿನ, ಗೆಳತಿಯರ ಪಂಥ. ಜಾರ್ಖಂಡ್ ಮತ್ತು ಒಡಿಶಾದಲ್ಲಿ ‘ಏಕಜುಟ್’ ಸಂಸ್ಥೆ ತಿಂಗಳಿಗೊಮ್ಮೆ ಹೆಂಗಸರನ್ನು ಕೂಡಿಸಿ, ಚಿತ್ರ ತೋರಿಸಿ, ಕಥೆ ಹೇಳಿ, ಬಾಣಂತಿ–ಕೂಸಿನ ತೊಂದರೆಗಳಿಗೆ ಅವರಿಂದಲೇ ದಾರಿ ಹುಡುಕಿಸಿತು. ನವಜಾತ ಶಿಶುಗಳ ಸಾವು ಇಳಿಯಿತು. ಮೂರನೆಯ ವರ್ಷ ತಾಯಂದಿರ ಮಧ್ಯಮ ಪ್ರಮಾಣದ ಖಿನ್ನತೆ ಶೇ 57ರಷ್ಟು ಕಡಿಮೆ ಕಂಡಿತೆಂದು 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಅಲ್ಲಿ ಯಾರೂ ಮನೋಚಿಕಿತ್ಸೆ ಮಾಡಿರಲಿಲ್ಲ ಎಂಬುದೇ ಸ್ವಾರಸ್ಯ. ತಾಯಂದಿರ ಖಿನ್ನತೆಗೆಂದೇ ರಾವಲ್ಪಿಂಡಿಯಲ್ಲಿ ಹುಟ್ಟಿದ ‘ಥಿಂಕಿಂಗ್ ಹೆಲ್ದಿ’ ಕ್ರಮವನ್ನು ಮೊದಲು ಆರೋಗ್ಯ ಕಾರ್ಯಕರ್ತೆಯರು, ಆಮೇಲೆ ಅದೇ ಊರಿನ ತಾಯಂದಿರು ನಡೆಸಿದರು. ಗೋವಾದಲ್ಲೂ ಅದರ ಪರೀಕ್ಷೆ ನಡೆಯಿತು. ತಾಯಂದಿರೇ ನಡೆಸಿದಾಗ ಫಲ ಸಿಕ್ಕಿತು, ಆದರೆ ಸಾಧಾರಣ.

ಈ ಪಂಥದ ಜಾಣತನವೇ ಅದರ ಕೊರತೆ. ‘ನಿನ್ನ ಮನಸ್ಸು ಸರಿಯಿಲ್ಲ’ ಎಂದರೆ ಅತ್ತೆ ಬಾಗಿಲು ಹಾಕುತ್ತಾಳೆ. ‘ಕೂಸಿನ ಬೆಳವಣಿಗೆಗಾಗಿ ಬಂದಿದ್ದೇವೆ’ ಎಂದರೆ ಮಣೆ ಹಾಕುತ್ತಾಳೆ. ಹಾಗೆ ಒಳಹೊಕ್ಕ ಚಿಕಿತ್ಸೆ ಖಿನ್ನತೆಯನ್ನು ಅಳೆಯುತ್ತದೆ, ಆಘಾತವನ್ನಲ್ಲ. ಕೂಸಿನ ಮುಖ ಕಂಡೊಡನೆ ಆಪರೇಷನ್ ಕೋಣೆಯ ದೀಪ ನೆನಪಾಗಿ ಬೆವರುವವಳಿಗೆ, ಮಗುವಿನೊಡನೆ ಆಡು ಎನ್ನುವ ಪಾಠ ಎಲ್ಲಿ ಮುಟ್ಟೀತು? ಕೂಸು ಉಳಿಯದವಳನ್ನು ಹಾಲೂಡಿಸುವವರ ಸಾಲಿನಲ್ಲಿ ಕೂರಿಸುವುದಂತೂ ಶಿಕ್ಷೆಯೇ.

ಬರೀ ಹೇಳಿಸಿಬಿಟ್ಟರೆ ಹಗುರಾಗುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಹೆತ್ತವರನ್ನೆಲ್ಲ ಒಮ್ಮೆ ಕೂರಿಸಿ ಆದದ್ದನ್ನು ಹೇಳಿಸುವ ಪದ್ಧತಿ ಆಘಾತವನ್ನು ತಡೆಯುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಮಾತಿಗೆ ಬರವಿಲ್ಲ. ಅಲ್ಲಿ ಹೇಳಿದ ಗುಟ್ಟು ಸಂಜೆಗೆ ಊರು ಸುತ್ತಿರುತ್ತದೆ. ಗುಂಪು ಮದ್ದಾಗಬೇಕಾದರೆ ಅದು ಚಿಕ್ಕದಿರಬೇಕು, ಮತ್ತೆ ಮತ್ತೆ ಸೇರಬೇಕು, ಬಾಯಿ ಬಿಗಿಯಿರಬೇಕು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತೆರೆದ ತಾಯಿ–ಮಗು ಘಟಕ ಒಳ್ಳೆಯದೇ, ಆದರೆ ಅದು ತೀವ್ರ ಕಾಯಿಲೆಯವರಿಗೆ, ಅದೂ ಅಷ್ಟು ದೂರ. 2017ರಲ್ಲಿ ಮಾತೃಪೂರ್ಣ ಯೋಜನೆಯ ಊಟಕ್ಕೆಂದು ಗರ್ಭಿಣಿ–ಬಾಣಂತಿಯರನ್ನು ಅಂಗನವಾಡಿಗೆ ಕರೆದ ಸರ್ಕಾರಕ್ಕೆ ಗುಂಪು ಕೂಡಿಸುವ ಕಷ್ಟವಿಲ್ಲ.

ಕಷ್ಟ ಬೇರೆ ಕಡೆಗಿದೆ. ಹೆರಿಗೆ ಕೋಣೆಯಲ್ಲಿ ಬೈಸಿಕೊಂಡವಳು, ಅದೇ ಇಲಾಖೆಯ ಆಶಾ ಕಾರ್ಯಕರ್ತೆಯ ಮುಂದೆ ಅದನ್ನು ಹೇಳುತ್ತಾಳೆಯೇ? ರಾಣೆಬೆನ್ನೂರು ಸುತ್ತಿನ ತಾಂಡಾ, ಹಳ್ಳಿಗಳ ಹೆಂಗಸರು ಸರ್ಕಾರಿ ಆಸ್ಪತ್ರೆಯಲ್ಲಿ ತಮ್ಮ ಗರ್ಭಕೋಶ ವಿನಾಕಾರಣ ತೆಗೆದರೆಂದು ಆರೋಪಿಸಿ ಬೀದಿಗಿಳಿದದ್ದು ಹೆರಿಗೆಯ ಪ್ರಕರಣವಲ್ಲ. ಆದರೂ ಮೈಗಾದ ಪೆಟ್ಟನ್ನು ಹೆಂಗಸರು ಕೂಡಿ ಹೇಳಿಕೊಂಡದ್ದಕ್ಕೆ ನಮ್ಮ ಕಡೆ ನಾನು ಕಂಡ ಉದಾಹರಣೆ ಅದೇ. ಅವರನ್ನು ಯಾವ ಸಮಾಲೋಚಕರೂ ಕೂಡಿಸಿರಲಿಲ್ಲ. ಅವರು ಕೇಳಿದ್ದು ಪರಿಹಾರ ಮತ್ತು ತಪ್ಪಿತಸ್ಥರ ಮೇಲೆ ಕ್ರಮ. ಗುಂಪು ಚಿಕಿತ್ಸೆಯ ಯಾವ ಕೈಪಿಡಿಯಲ್ಲೂ ಈ ಎರಡಕ್ಕೆ ಅಧ್ಯಾಯವಿದ್ದದ್ದನ್ನು ನಾನು ಕಂಡಿಲ್ಲ.